ನಗುವವರಿಗೆ ಉತ್ತರ ಬೇಡ, ಅಂಜುವವರಿಗೆ ಬೇಕು

ಪ್ರಶ್ನೆ: ನನಗೆ 38 ವರ್ಷ. ರಸಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ, ಜೊತೆಗೆ ತೊಗರಿ ಹೊಲ ಇದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ಡಾಕ್ಟರು ಹೇಳಿದ ಮೇಲೆ ನಸುಕಿನಲ್ಲಿ ನಡೆಯಲು ಶುರು ಮಾಡಿದೆ. ನಡೆಯುತ್ತ ನಡೆಯುತ್ತ ಓಟ ರೂಢಿಯಾಯಿತು, ಆಮೇಲೆ ಸೈಕಲ್ಲೂ ಬಂತು. ವಿಜಯಪುರದ ವೃಕ್ಷೋಥಾನ್ ಓಟದಲ್ಲಿ 10 ಕಿ.ಮೀ. ಮುಗಿಸಿದೆ. ನನ್ನ ಹಿಂದೆ ಇದ್ದವರು ಕೆಲವೇ ಜನ. ಆದರೂ ಅಷ್ಟು ಸಂತೋಷ ನನಗೆ ಬಹಳ ವರ್ಷ ಆಗಿರಲಿಲ್ಲ.

ಊರಲ್ಲಿ ಮಾತ್ರ "ಹೊಲದಾಗ ಬೆವರ ಸುರಸೋದು ಬಿಟ್ಟು ರೋಡಿನ ಮ್ಯಾಲ ಸುರಸ್ಲಾಕ ಹತ್ಯಾನ" ಎಂದು ನಗುತ್ತಾರೆ. ಅಪ್ಪ "ನಂಬರ್ ಬರಲ್ದಾಂವ ಯಾಕ ಓಡಬೇಕು?" ಅನ್ನುತ್ತಾರೆ. ಹೆಂಡತಿ ನಗುವುದಿಲ್ಲ, ಅಂಜುತ್ತಾಳೆ. ನಮ್ಮ ದೊಡ್ಡಪ್ಪ 48ನೇ ವಯಸ್ಸಿಗೇ ಹೃದಯಾಘಾತದಿಂದ ಹೋದರು. ಪುನೀತ್ ರಾಜ್‌ಕುಮಾರ್ ಅವರ ಸಾವನ್ನೂ ಆಕೆ ಮತ್ತೆ ಮತ್ತೆ ನೆನಪಿಸುತ್ತಾಳೆ. ಹೆದ್ದಾರಿಯ ಲಾರಿಗಳೆಂದರೆ ಆಕೆಗೆ ಜೀವ ಹೋಗುತ್ತದೆ. ಇನ್ನೊಂದು ಮಾತು ಬರೆಯಲೇಬೇಕು. ಸೈಕಲ್ಲಿಗೆ 34,000 ರೂಪಾಯಿ ಕೊಟ್ಟಿದ್ದೇನೆ. ಮನೆಯಲ್ಲಿ 12,000 ಎಂದು ಹೇಳಿದ್ದೇನೆ.

ಈಗ 200 ಕಿ.ಮೀ. ಸೈಕಲ್ ಸವಾರಿಗೆ ಹೆಸರು ಕೊಡುವ ಆಸೆ. ಗೆಳೆಯರು ಸಾಲ ಮಾಡಿಯಾದರೂ ಬೈಕಿನಲ್ಲಿ ಲಡಾಖ್‌ಗೆ ಹೋಗೋಣ ಎನ್ನುತ್ತಿದ್ದಾರೆ. ಇದೆಲ್ಲ ಹುಚ್ಚೇ? ಬಿಟ್ಟುಬಿಡಲೇ?

— ಹೆಸರು ಬೇಡ, ಅಂದೋಲಾ, ಜೇವರ್ಗಿ ತಾಲ್ಲೂಕು

ಉತ್ತರ: ಬಿಡಬೇಡಿ. ಆದರೆ ಈಗ ನಡೆದಿರುವ ಹಾಗೆಯೇ ಮುಂದುವರಿಸಲೂ ಬೇಡಿ.

ನಿಮ್ಮ ಕಾಗದದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು ಊರಿನ ನಗು, ಇನ್ನೊಂದು ಮನೆಯವರ ಅಂಜಿಕೆ. ನೀವು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೊಂದಿದ್ದೀರಿ. ನಗುವವರಿಗೆ ನೀವು ಯಾವ ಉತ್ತರವನ್ನೂ ಕೊಡಬೇಕಿಲ್ಲ. ಅಂಜುವವರಿಗೆ ಕೊಡಲೇಬೇಕು, ಅದೂ ಬಾಯಿಮಾತಿನಲ್ಲಲ್ಲ.

ಮೊದಲು ನಿಮ್ಮ ತಂದೆಯವರ ಮಾತು. ಪ್ರತಿವರ್ಷ ಯುಗಾದಿಗೆ ಮುಂಚೆ ನಮ್ಮ ಉತ್ತರ ಕರ್ನಾಟಕದ ಊರೂರುಗಳಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆಯುವವರು, ಅಂಗಾಲಲ್ಲಿ ಬೊಬ್ಬೆ ಎದ್ದರೂ ನಿಲ್ಲದವರು. ಅವರು ಊರಿಗೆ ಮರಳಿದಾಗ "ಎಷ್ಟನೇ ನಂಬರ್ ಬಂದಿ?" ಎಂದು ಯಾರೂ ಕೇಳುವುದಿಲ್ಲ, ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ದೂರವನ್ನು ಮುಗಿಸುವುದೇ ಸಾಧನೆ ಎಂಬ ತಿಳಿವಳಿಕೆ ನಮ್ಮ ಸೀಮೆಗೆ ಹೊಸದಲ್ಲ. ತಂದೆಯವರಿಗೆ ಇದನ್ನು ವಾದ ಮಾಡಿ ಹೇಳಬೇಡಿ. ಮುಂದಿನ ಓಟಕ್ಕೆ ವಿಜಯಪುರಕ್ಕೆ ಅವರನ್ನೂ ಕರೆದುಕೊಂಡು ಹೋಗಿ. ತಮ್ಮ ವಯಸ್ಸಿನವರು ಓಡಿ ಬಂದು ಕೊರಳಿಗೆ ಪದಕ ಹಾಕಿಸಿಕೊಳ್ಳುವುದನ್ನು ಅವರು ಕಣ್ಣಾರೆ ನೋಡಲಿ.

ನೀವು ಆಸೆಪಟ್ಟಿರುವ 200 ಕಿ.ಮೀ. ಸವಾರಿಗೂ ನಂಬರ್ ಇಲ್ಲ. ಸೈಕಲ್ಲಿನವರು ಬಿಆರ್‌ಎಂ ಎಂದು ಕರೆಯುವ ಈ ಸವಾರಿಗಳ ನಿಯಮ ರೂಪಿಸಿದ್ದು ಪ್ಯಾರಿಸ್ಸಿನ ಒಂದು ಕ್ಲಬ್ಬು. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ಇದನ್ನು ನೋಡಿಕೊಳ್ಳುತ್ತದೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಊಟ, ವಿಶ್ರಾಂತಿ, ಪಂಕ್ಚರ್ ಎಲ್ಲ ಆ ಹೊತ್ತಿನೊಳಗೇ ಬರಬೇಕು. ಗಂಟೆಗೆ 15 ಕಿ.ಮೀ. ಸರಾಸರಿ ಹಿಡಿದರೆ ಸಾಕು. ಮೊದಲು ಬಂದವನಿಗೂ ಕೊನೆಯ ನಿಮಿಷದಲ್ಲಿ ಬಂದವನಿಗೂ ಅಲ್ಲಿ ಒಂದೇ ಮರ್ಯಾದೆ. ಆದರೆ ದಾರಿಯಲ್ಲಿ ನಿಮ್ಮ ಹಿಂದೆ ಸಹಾಯದ ವಾಹನ ಬರುವುದಿಲ್ಲ. ಟ್ಯೂಬು, ಪಂಪು, ನೀರು, ತಿಂಡಿ ಎಲ್ಲ ನಿಮ್ಮವೇ. ನಿಮ್ಮಂಥ ಹವ್ಯಾಸಿಗಳಿಗೆಂದೇ ಇರುವ ಸವಾರಿ ಇದು, ಹೆಸರು ಕೊಡಲು ಸಂಕೋಚ ಬೇಡ.

ಇನ್ನು ಮನೆಯವರ ಅಂಜಿಕೆ. ಅದರಲ್ಲಿ ಮೂರು ಭಾಗ ಇವೆ: ಹೃದಯ, ರಸ್ತೆ, ನಂಬಿಕೆ.

ಮೊದಲನೆಯದು ಹೃದಯ. 2021ರ ಅಕ್ಟೋಬರ್ 29ರಂದು ಪುನೀತ್ 46ನೇ ವಯಸ್ಸಿಗೆ ಹಠಾತ್ತಾಗಿ ತೀರಿಕೊಂಡಾಗ ಇಡೀ ಕರ್ನಾಟಕ ನಡುಗಿತು. ಆ ದಿನಗಳಲ್ಲಿ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲುಗಳೇ ನಿಂತವು. ನಿಮ್ಮ ಹೆಂಡತಿಯ ಭಯ ಅಲ್ಲಿಂದ ಬಂದದ್ದು, ಅದಕ್ಕೆ ನಿಮ್ಮ ದೊಡ್ಡಪ್ಪನ ನೆನಪೂ ಸೇರಿದೆ. ಅದನ್ನು ಹೆಂಗಸರ ಪುಕ್ಕಲುತನ ಎಂದು ತಳ್ಳಿಹಾಕಬೇಡಿ. ದಿನವೂ ಹದವಾಗಿ ಮಾಡುವ ವ್ಯಾಯಾಮ ಹೃದಯಕ್ಕೆ ಒಳ್ಳೆಯದೇ. ಆದರೆ ರಕ್ತನಾಳ ಒಳಗೊಳಗೇ ಕಟ್ಟುತ್ತಿರುವವನು ಗೊತ್ತಿಲ್ಲದೆ ಮೈಮೀರಿ ದಣಿದರೆ ಅಪಾಯ. ಮನೆತನದಲ್ಲಿ ಹೃದ್ರೋಗ, ಮೈಯಲ್ಲಿ ಸಕ್ಕರೆಯ ಸೂಚನೆ, ವಯಸ್ಸು ನಲವತ್ತರ ಹತ್ತಿರ: ಮೂರೂ ನಿಮಗಿವೆ. ದೂರ ಇನ್ನಷ್ಟು ಹೆಚ್ಚಿಸುವ ಮೊದಲು ಕಲಬುರಗಿಗೆ ಹೋಗಿ. ಅಲ್ಲೇ ಜಯದೇವ ಆಸ್ಪತ್ರೆ ಇದೆ. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಇಸಿಜಿ ನೋಡಿಸಿ. ಡಾಕ್ಟರು ಹೇಳಿದರೆ ಎಕೋ, ಟ್ರೆಡ್‌ಮಿಲ್ ಪರೀಕ್ಷೆಯೂ ಆಗಲಿ. ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ, ಡಾಕ್ಟರ ಮಾತನ್ನು ಅವರೇ ಕೇಳಲಿ. ವರದಿ ಚೆನ್ನಾಗಿ ಬಂದರೂ ಅದು ಜೀವನಪೂರ್ತಿ ಕೊಟ್ಟ ಭರವಸೆಯಲ್ಲ. ಓಡುವಾಗ ಎದೆ ಬಿಗಿದರೆ, ಎಡಗೈ ಅಥವಾ ದವಡೆಯಲ್ಲಿ ನೋವು ಬಂದರೆ, ತಲೆ ತಿರುಗಿದರೆ ಆ ಕ್ಷಣವೇ ನಿಲ್ಲಿಸಬೇಕು. ಪದಕಕ್ಕೆ ಎರಡೇ ಕಿ.ಮೀ. ಉಳಿದಿದ್ದರೂ ಸರಿ.

ನಮ್ಮ ಭಾಗದಲ್ಲಿ ಬಿಸಿಲೂ ಹೃದಯದಷ್ಟೇ ದೊಡ್ಡ ಸಂಗತಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟಿ ನಿಲ್ಲುತ್ತದೆ. ಆ ಎರಡು ತಿಂಗಳು ದೂರದ ಅಭ್ಯಾಸ ಬೇಡ, ಸೂರ್ಯ ಮೇಲೇರುವ ಮೊದಲು ಮುಗಿಸಿ ಮನೆ ಸೇರಿ. ಗಂಟೆಗಟ್ಟಲೆ ಬೆವರುವಾಗ ಬರೀ ನೀರು ಕುಡಿಯುತ್ತ ಹೋದರೆ ಮೈಯ ಉಪ್ಪು ಇಳಿದು ತೊಂದರೆಯಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಬಿಸಿಲಲ್ಲಿ ಮಾತು ತಡವರಿಸಿ, ದಿಕ್ಕು ತೋಚದಂತಾದರೆ ಅದು ಬಿಸಿಲ ಹೊಡೆತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, 108ಕ್ಕೆ ಕರೆ ಮಾಡಬೇಕು. ಇದನ್ನು ನಿಮ್ಮ ಜೊತೆ ಓಡುವವರಿಗೂ ಹೇಳಿಕೊಡಿ.

ಎರಡನೆಯದು ರಸ್ತೆ. ಪಂಜಾಬಿನ ಫೌಜಾ ಸಿಂಗ್ ಅವರ ಹೆಸರು ನೀವು ಕೇಳಿರಬಹುದು. 89ನೇ ವಯಸ್ಸಿನಲ್ಲಿ ಮ್ಯಾರಥಾನ್ ಓಟಕ್ಕಿಳಿದ ಅಜ್ಜ. 2011ರಲ್ಲಿ, ನೂರರ ವಯಸ್ಸಿನಲ್ಲಿ, ಟೊರಾಂಟೊದಲ್ಲಿ 42.195 ಕಿ.ಮೀ. ಪೂರ್ತಿ ಮಾಡಿದರು. 2025ರ ಜುಲೈಯಲ್ಲಿ, 114ನೇ ವಯಸ್ಸಿಗೆ, ತಮ್ಮ ಊರಿನ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ಅಷ್ಟು ದೂರ ಓಡಿದ ದೇಹವನ್ನು ಕೊಂದದ್ದು ಓಟವಲ್ಲ, ರಸ್ತೆ. ನಿಮ್ಮ ಹೆಂಡತಿ ಲಾರಿಗಳಿಗೆ ಅಂಜುವುದು ನೂರಕ್ಕೆ ನೂರು ಸರಿ.

ನಮ್ಮ ರಸ್ತೆಗಳ ಅಪಾಯ ನಿಮಗೆ ಗೊತ್ತಿಲ್ಲದ್ದೇನಲ್ಲ. ಕಬ್ಬು ಕಡಿಯುವ ಕಾಲ ಬಂದರೆ ಅಫಜಲಪುರ, ಆಳಂದದ ಕಡೆ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ರಾತ್ರಿಯಿಡೀ ಓಡುತ್ತವೆ. ಸುಗ್ಗಿಯಲ್ಲಿ ರಾಶಿ ಮಾಡಲು ತೊಗರಿ, ಜೋಳವನ್ನು ಡಾಂಬರಿನ ಮೇಲೇ ಹರವುತ್ತಾರೆ, ಅದರ ಮೇಲೆ ಸೈಕಲ್ ಗಾಲಿ ಜಾರುತ್ತದೆ. ಬಿಆರ್‌ಎಂ ಸವಾರಿಯ ವರ್ಷ ಶುರುವಾಗುವುದೂ ನವೆಂಬರಿನಲ್ಲೇ, ಇದೇ ಹೊತ್ತಿಗೆ. ಆದ್ದರಿಂದ ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಜಾಕೆಟ್ ಇಲ್ಲದೆ ಮನೆಯಿಂದ ಹೊರಡಬೇಡಿ. ಕಿವಿಗೆ ಹಾಡು ಬೇಡ. ಓಡುವಾಗ ರಸ್ತೆಯ ಬಲಗಡೆ, ಎದುರು ಬರುವ ವಾಹನ ಕಾಣುವಂತೆ ಓಡಿ. ಸೈಕಲ್ಲಾದರೆ ಎಡಗಡೆ. ದಿನದ ಅಭ್ಯಾಸಕ್ಕೆ ಜೇವರ್ಗಿ–ಕಲಬುರಗಿ ಹೆದ್ದಾರಿ ಬಿಟ್ಟು ಊರೂರ ನಡುವಿನ ದಾರಿ ಹಿಡಿಯಿರಿ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಸೈಕಲ್ ಇಳಿಸಬೇಡಿ, ಮಣ್ಣು ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂಬುದು ಹೆಂಡತಿಗೆ ಗೊತ್ತಿರಲಿ. ಮೊಬೈಲಿನಲ್ಲಿ ನೀವಿರುವ ಜಾಗ ಅವರಿಗೆ ಕಾಣುವಂತೆ ಇಡಿ.

ಮೂರನೆಯದು ನಂಬಿಕೆ. 22,000 ರೂಪಾಯಿ ಮುಚ್ಚಿಟ್ಟದ್ದು ಸಣ್ಣ ಮಾತಲ್ಲ. ತೊಗರಿ ಬೆಲೆ ಕುಸಿದ ವರ್ಷ, ಮಳೆ ಕೈಕೊಟ್ಟ ವರ್ಷ ಆ ಹಣದಿಂದ ಏನೇನು ನಡೆಯುತ್ತದೆ ಎಂಬುದು ಮನೆ ನಡೆಸುವ ಹೆಣ್ಣುಮಗಳಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನಾಳೆ ಬೇರೆ ಯಾರೋ ಆ ಬೆಲೆ ಹೇಳಿದರೆ, ನೀವು ಎಷ್ಟು ಜೋಪಾನವಾಗಿ ಓಡುತ್ತೀರಿ ಎಂಬ ಮಾತನ್ನೂ ಅವರು ನಂಬುವುದಿಲ್ಲ. ಈ ವಾರವೇ ನಿಜ ಹೇಳಿ. ಸಿಟ್ಟು ಮಾಡಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಿ, ನೆವ ಹೇಳಬೇಡಿ. ಆಮೇಲೆ ಇಬ್ಬರೂ ಕೂತು ವರ್ಷಕ್ಕೆ ಇಷ್ಟು ಎಂದು ಒಂದು ಮೊತ್ತ ನಿಗದಿ ಮಾಡಿ. ಪ್ರವೇಶ ಶುಲ್ಕ, ಬೂಟು, ಬಸ್ ಖರ್ಚು ಎಲ್ಲ ಅದರೊಳಗೇ ಮುಗಿಯಬೇಕು. ನಸುಕಿನ ಎರಡು ಗಂಟೆ ನಿಮ್ಮದಾದರೆ ಸಂಜೆಯ ಒಂದಿಷ್ಟು ಹೊತ್ತು ಅವರದಾಗಲಿ. ಆಗ ಮಕ್ಕಳು, ಅಂಗಡಿ, ಹಿರಿಯರ ಜವಾಬ್ದಾರಿ ನೀವು ಹೊರಬೇಕು.

ಲಡಾಖ್ ವಿಷಯದಲ್ಲಿ ನನ್ನ ಮಾತು ಸ್ಪಷ್ಟ: ಸಾಲ ಮಾಡಿ ಹೋಗಬೇಡಿ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ತಲುಪಿದ ಮೇಲೆ ಗಾಳಿಗೆ ಮೈ ಹೊಂದಲು ಮೊದಲ ಎರಡು ದಿನ ಸುಮ್ಮನೆ ಇರಬೇಕು. ಹಣವೂ ರಜೆಯೂ ಕೂಡಿದ ಮೇಲೆ ನೋಡಿದರಾಯಿತು. ಅಲ್ಲಿಯವರೆಗೆ ಹೆಂಡತಿ ಮಕ್ಕಳ ಜೊತೆ ಹತ್ತಿರದ ಊರುಗಳನ್ನು ನೋಡಿ. ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ಇದೆ. ಭೀಮಾ–ಅಮರ್ಜಾ ಸಂಗಮದ ಗಾಣಗಾಪುರ, ಬಸವಕಲ್ಯಾಣ, ಬೀದರಿನ ಕೋಟೆ ಎಲ್ಲ ಇವೆ. ನೀವು ಓಟದಲ್ಲಿ ಕಂಡ ಸಂತೋಷ ಮನೆಯವರಿಗೂ ಸಿಗಲಿ.

ಅಭ್ಯಾಸದ ಬಗ್ಗೆ ಎರಡೇ ಮಾತು. ವಾರಕ್ಕೆ ನೂರಕ್ಕೆ ಹತ್ತರಷ್ಟಕ್ಕಿಂತ ಹೆಚ್ಚು ದೂರ ಏರಿಸಬೇಡಿ, ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಇರಲಿ. 200 ಕಿ.ಮೀ.ಗೆ ಹೆಸರು ಕೊಡುವ ಮೊದಲು 100 ಕಿ.ಮೀ. ಸವಾರಿಯನ್ನು ನೆಮ್ಮದಿಯಿಂದ ಮುಗಿಸಿರಬೇಕು.

ನಿಮ್ಮದು ಹುಚ್ಚಲ್ಲ. ಕಾಯಿಲೆಯ ಬಾಗಿಲಿನಿಂದ ನಿಮ್ಮನ್ನು ಹಿಂದಕ್ಕೆ ತಂದ ಒಳ್ಳೆಯ ಹವ್ಯಾಸ. ಮೊದಲು ಮನೆಯಲ್ಲಿ ನಿಜವಾದ ಬೆಲೆ ಹೇಳಿ, ಆಮೇಲೆ ಹೃದಯ ತಪಾಸಣೆ ಮಾಡಿಸಿ, ಅದಾದ ಮೇಲೆ ಹೆಸರು ಕೊಡಿ. ಈ ಕ್ರಮ ಮಾತ್ರ ತಪ್ಪಬೇಡಿ.