ಬಂಡಿ ಬದಲಿಸುವ ಕಾಲ

ಹಾವೇರಿ ತಾಲ್ಲೂಕಿನ ಕರ್ಜಗಿ ವರದಾ ನದಿಯ ಸೀಮೆಗೆ ಸೇರಿದ ಊರು. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ರೈಲುಮಾರ್ಗ ಈ ಊರನ್ನು ದಾಟಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೇಲೆ ಹಾದುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿರ್ಮಾಣವಾದ ಈ ಮಾರ್ಗದಲ್ಲಿ ಬಹುಕಾಲ ಕಲ್ಲಿದ್ದಲು ಉರಿಸುವ ಉಗಿಬಂಡಿಗಳು ಓಡಿದವು. ಬಳಿಕ ಡೀಸೆಲ್ ಎಂಜಿನುಗಳು ಬಂದವು. 2023ರ ಜೂನ್ 27ರಂದು ಬೆಂಗಳೂರು ಮತ್ತು ಧಾರವಾಡಗಳ ನಡುವೆ ವಂದೇ ಭಾರತ್ ರೈಲಿನ ಸಂಚಾರ ಆರಂಭವಾದಾಗ, ಹಳಿಯ ಮೇಲೆ ಎಳೆದ ತಂತಿಯಿಂದ ವಿದ್ಯುತ್ತನ್ನು ಪಡೆದು ಓಡುವ ಬಂಡಿ ಕರ್ಜಗಿಯ ಮುಂದೆಯೇ ಸಾಗಿತು. ಹೀಗೆ ಒಂದೇ ದಾರಿ ಮೂರು ಬಗೆಯ ಶಕ್ತಿಯನ್ನು ಕಂಡಿತು.

ಹಳಿಯ ಮೇಲೆ ನಡೆದ ಬದಲಾವಣೆ ಈಗ ರಸ್ತೆಯ ಮೇಲೂ ನಡೆಯುತ್ತಿದೆ. ಹೊಗೆಯನ್ನೂ ಸದ್ದನ್ನೂ ಬಿಡದ ವಿದ್ಯುತ್ ಕಾರುಗಳು ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾಣಿಸುತ್ತಿವೆ. ಆದರೆ ರೈಲಿನ ವಿಷಯದಲ್ಲಿ ನಿರ್ಧಾರ ಕೈಗೊಂಡದ್ದು ಸರಕಾರ. ಕಾರಿನ ವಿಷಯದಲ್ಲಿ ನಿರ್ಧರಿಸಬೇಕಾದವನು ಮನೆಯ ಯಜಮಾನ. ಅವನ ಮುಂದಿರುವುದು ಕೆಲವು ವರ್ಷಗಳ ಉಳಿತಾಯದ ಪ್ರಶ್ನೆ. ಪೆಟ್ರೋಲ್ ಕಾರನ್ನು ಬಿಟ್ಟು ವಿದ್ಯುತ್ ಕಾರನ್ನು ಕೊಳ್ಳಬೇಕೆ? ಕೊಳ್ಳುವುದಾದರೆ ಯಾವಾಗ?

ವಿದ್ಯುತ್ ಕಾರು ಇಂದಿನ ಸೃಷ್ಟಿಯಲ್ಲ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ಮೀರಿದ ಕಾರು ವಿದ್ಯುತ್ತಿನದೇ ಆಗಿತ್ತು. 1899ರಲ್ಲಿ ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಜಿ ಎಂಬಾತ ಫ್ರಾನ್ಸಿನಲ್ಲಿ ಈ ಸಾಧನೆ ಮಾಡಿದನು. ಆ ಕಾಲದ ಪೆಟ್ರೋಲ್ ಕಾರನ್ನು ಚಾಲೂ ಮಾಡಲು ಮುಂದೆ ನಿಂತು ಹಿಡಿಕೆಯನ್ನು ಬಲವಾಗಿ ತಿರುಗಿಸಬೇಕಾಗಿತ್ತು. ವಿದ್ಯುತ್ ಕಾರಿಗೆ ಆ ಕಷ್ಟವಿರಲಿಲ್ಲ. ಆದರೆ 1912ರ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ವಯಂಚಾಲಕವು ಪೆಟ್ರೋಲ್ ಕಾರಿನ ಆ ಕೊರತೆಯನ್ನು ನೀಗಿಸಿತು. ವಿದ್ಯುತ್ ಕಾರಿನ ಕೊರತೆಯಾದರೋ ಹಾಗೆಯೇ ಉಳಿಯಿತು. ರೈಲಿಗೆ ದಾರಿಯುದ್ದಕ್ಕೂ ತಂತಿಯುಂಟು. ಕಾರು ತನಗೆ ಬೇಕಾದ ವಿದ್ಯುತ್ತನ್ನು ತಾನೇ ಹೊತ್ತು ನಡೆಯಬೇಕು. ಸೀಸದ ಬ್ಯಾಟರಿಗಳು ಭಾರವಾಗಿದ್ದವು. ಅವು ಕೂಡಿಡುತ್ತಿದ್ದ ಶಕ್ತಿ ಅಲ್ಪವಾಗಿತ್ತು.

ಈ ತೊಡಕಿನ ಅನುಭವ ಕರ್ನಾಟಕಕ್ಕೂ ಉಂಟು. ಬೆಂಗಳೂರಿನ ಚೇತನ್ ಮೈನಿ ಅವರು ಅಮೆರಿಕದಲ್ಲಿ ಓದುತ್ತಿದ್ದಾಗ, 1990ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಸೌರಶಕ್ತಿ ಕಾರುಗಳ ಸ್ಪರ್ಧೆಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡದೊಡನೆ ಭಾಗವಹಿಸಿದ್ದರು. ಮುಂದೆ ಅವರ ಪ್ರಯತ್ನದಿಂದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಸೀಸದ ಬ್ಯಾಟರಿಯ ಆ ಕಾರು ಒಮ್ಮೆ ವಿದ್ಯುತ್ ತುಂಬಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಲಂಡನ್ ನಗರದಲ್ಲಿಯೂ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ನಗರದೊಳಗಿನ ಓಡಾಟಕ್ಕೆ ಅದು ತಕ್ಕುದಾಗಿತ್ತು. ಆದರೆ ಹಾವೇರಿಯಿಂದ ಸುಮಾರು 75 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಂದೇ ಮರಳಬೇಕಾದವನಿಗೆ ಅದರಿಂದ ಪ್ರಯೋಜನವಿರಲಿಲ್ಲ. 2010ರಲ್ಲಿ ಆ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರ ಸಂಸ್ಥೆಯ ಕೈಸೇರಿತು. ಕರ್ನಾಟಕ ಸರಕಾರವು 2017ರಲ್ಲಿ ವಿದ್ಯುತ್ ವಾಹನಗಳಿಗಾಗಿ ತನ್ನದೇ ನೀತಿಯನ್ನು ಪ್ರಕಟಿಸಿತು.

ಇಷ್ಟರಲ್ಲಿ ಬ್ಯಾಟರಿಯೇ ಬದಲಾಗಿತ್ತು. 1991ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿ ಹಗುರವಾಗಿಯೂ ಹೆಚ್ಚು ಶಕ್ತಿಯನ್ನು ಹಿಡಿದಿಡುವಂಥದಾಗಿಯೂ ಇತ್ತು. ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಬ್ಯಾಟರಿಯ ಬಲದಿಂದಲೇ ಇಂದಿನ ಕಾರುಗಳು ಊರಿಂದೂರಿಗೆ ಓಡಲು ಸಮರ್ಥವಾಗಿವೆ.

ವಿದ್ಯುತ್ ಕಾರಿನ ಹಿರಿಮೆ ಅದರ ಮಿತವ್ಯಯದಲ್ಲಿದೆ. ಪೆಟ್ರೋಲ್ ಎಂಜಿನಿನಲ್ಲಿ ಇಂಧನದ ಶಕ್ತಿಯ ಬಹುಭಾಗ ಶಾಖವಾಗಿ ಪೋಲಾಗುತ್ತದೆ; ಗಾಲಿಯನ್ನು ತಿರುಗಿಸಲು ದೊರೆಯುವುದು ಸುಮಾರು ಕಾಲು ಭಾಗ ಮಾತ್ರ. ವಿದ್ಯುತ್ ಮೋಟಾರಾದರೋ ತನಗೆ ದೊರೆತ ಶಕ್ತಿಯ ಬಹುಪಾಲನ್ನು ಚಲನೆಯಾಗಿ ಮಾರ್ಪಡಿಸುತ್ತದೆ. ಇಳಿಜಾರಿನಲ್ಲಿ ವೇಗ ತಗ್ಗಿಸುವಾಗ ಅದೇ ಮೋಟಾರು ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಮರಳಿಸುತ್ತದೆ. ಎಂಜಿನ್ ಎಣ್ಣೆಯನ್ನು ಬದಲಿಸುವ ಕೆಲಸವಿಲ್ಲ. ಸವೆಯುವ ಬಿಡಿಭಾಗಗಳೂ ಕಡಿಮೆ.

ಇಷ್ಟು ಗುಣಗಳಿದ್ದರೂ ಎಲ್ಲರೂ ಇಂದೇ ಕೊಳ್ಳಬೇಕೆಂದು ಹೇಳಲಾಗದು. ಈ ಸೀಮೆಯ ಒಕ್ಕಲಿಗನು ಹಾವೇರಿಯ ದನದ ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ಅದರ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡಿಗೆ ನೋಡುತ್ತಾನೆ. ತನ್ನ ಹೊಲದ ಕೆಲಸ ಎಷ್ಟು, ಕೊಟ್ಟಿಗೆಯಲ್ಲಿ ಮೇವು ಎಷ್ಟು, ಮನೆಯಲ್ಲಿರುವ ಎತ್ತಿನ ಶಕ್ತಿ ಇನ್ನೆಷ್ಟು ದಿನ ಎಂದು ಯೋಚಿಸುತ್ತಾನೆ. ವಾಹನವನ್ನು ಬದಲಿಸುವವನು ಕೇಳಿಕೊಳ್ಳಬೇಕಾದವೂ ಈ ಮೂರೇ ಪ್ರಶ್ನೆಗಳು: ದಿನದ ಓಟ ಎಷ್ಟು? ವಿದ್ಯುತ್ತನ್ನು ಎಲ್ಲಿ ತುಂಬುವುದು? ಈಗಿರುವ ವಾಹನದ ಆಯುಷ್ಯ ಎಷ್ಟು ಉಳಿದಿದೆ?

ಮೊದಲನೆಯ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಪೆಟ್ರೋಲಿನ ಬೆಲೆ ಲೀಟರಿಗೆ 100 ರೂಪಾಯಿ ಎಂದೂ, ಕಾರು ಲೀಟರಿಗೆ 16 ಕಿಲೋಮೀಟರ್ ಓಡುತ್ತದೆಂದೂ ಇಟ್ಟುಕೊಂಡರೆ, ಕಿಲೋಮೀಟರಿಗೆ ತಗಲುವ ವೆಚ್ಚ ಆರೂಕಾಲು ರೂಪಾಯಿ. ವಿದ್ಯುತ್ತಿನ ದರ ಯೂನಿಟ್ಟಿಗೆ 7 ರೂಪಾಯಿ ಎಂದೂ, ತುಂಬುವಾಗ ಆಗುವ ನಷ್ಟವನ್ನು ಕಳೆದು ಯೂನಿಟ್ಟಿಗೆ 6 ಕಿಲೋಮೀಟರ್ ಓಟ ದೊರೆಯುತ್ತದೆಂದೂ ಇಟ್ಟುಕೊಂಡರೆ, ಕಿಲೋಮೀಟರಿಗೆ ತಗಲುವುದು ಸುಮಾರು 1 ರೂಪಾಯಿ 20 ಪೈಸೆ. ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 5 ರೂಪಾಯಿ ಉಳಿಯುತ್ತದೆ. ಒಂದೇ ಅಳತೆಯ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿನ ಬೆಲೆ 4 ಲಕ್ಷ ರೂಪಾಯಿ ಹೆಚ್ಚೆಂದು ಭಾವಿಸೋಣ. ಆ ಹೆಚ್ಚಿನ ಹಣ ಮರಳಿ ಬರಲು ಕಾರು 80,000 ಕಿಲೋಮೀಟರ್ ಓಡಬೇಕು. ದರಗಳು ಬದಲಾಗಬಹುದು, ಆಯಾ ಕಾಲದ ದರಗಳನ್ನು ಇಟ್ಟು ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಕರ್ಜಗಿಯಿಂದ ಹಾವೇರಿಯ ಶಾಲೆಗೆ ಹೋಗಿಬರುವ ಉಪಾಧ್ಯಾಯನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಓಟ ದಿನಕ್ಕೆ 25 ಕಿಲೋಮೀಟರ್, ವರ್ಷಕ್ಕೆ 240 ದಿನ ಎಂದರೆ 6,000 ಕಿಲೋಮೀಟರ್. ಅವನಿಗೆ ವರ್ಷಕ್ಕೆ ಉಳಿಯುವುದು 30,000 ರೂಪಾಯಿ. ಹಣ ಮರಳಲು ಹದಿಮೂರು ವರ್ಷ ಬೇಕು. ಹೆಚ್ಚಿನ 4 ಲಕ್ಷವನ್ನು ನೂರಕ್ಕೆ 9ರ ಬಡ್ಡಿಗೆ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ 36,000 ರೂಪಾಯಿಯ ಹತ್ತಿರವಾಗುತ್ತದೆ. ಅಂಥವನ ಉಳಿತಾಯ ಬಡ್ಡಿಗೂ ಸಾಲದು. ಇನ್ನೊಂದು ಕಡೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೆಲೆಮಾಡಿಕೊಂಡು ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿಗಳಿಗೆ ಓಡಾಡುವ ವ್ಯಾಪಾರಿಯ ಓಟ ದಿನಕ್ಕೆ 100 ಕಿಲೋಮೀಟರಿನಂತೆ ವರ್ಷಕ್ಕೆ 25,000 ಕಿಲೋಮೀಟರ್ ಆದೀತು. ಅವನಿಗೆ ವರ್ಷಕ್ಕೆ 1,25,000 ರೂಪಾಯಿ ಉಳಿಯುತ್ತದೆ. ಮೂರು ವರ್ಷ ಕಳೆದು ಕೆಲವೇ ತಿಂಗಳಲ್ಲಿ ಹೆಚ್ಚಿನ ಬೆಲೆ ತೀರುತ್ತದೆ. ಕಾರು ಒಂದೇ, ಊರೂ ಹೆಚ್ಚುಕಡಿಮೆ ಒಂದೇ. ಓಟ ಬೇರೆಯಾದುದರಿಂದ ಒಬ್ಬನಿಗೆ ಲಾಭವಾದದ್ದು ಮತ್ತೊಬ್ಬನಿಗೆ ಹೊರೆಯಾಗುತ್ತದೆ.

ಎರಡನೆಯ ಪ್ರಶ್ನೆ ವಿದ್ಯುತ್ತಿನದು. ಹಳ್ಳಿಯಲ್ಲಿ ಸ್ವಂತ ಮನೆಯಿದ್ದು, ಕಾರು ನಿಲ್ಲಿಸಲು ಅಂಗಳವುಳ್ಳವನಿಗೆ ಈ ವಿಷಯದಲ್ಲಿ ನಗರದ ಬಾಡಿಗೆ ಮನೆಯವನಿಗಿಂತ ಹೆಚ್ಚಿನ ಅನುಕೂಲವಿದೆ. 15 ಆಂಪಿಯರಿನ ಸಾಧಾರಣ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ಟು ತುಂಬಬಹುದು. ಉಪಾಧ್ಯಾಯನ ದಿನದ ಓಟಕ್ಕೆ ಎರಡು ಗಂಟೆಯೊಳಗೆ, ವ್ಯಾಪಾರಿಯ ಓಟಕ್ಕೆ ಆರು ಗಂಟೆಯೊಳಗೆ ವಿದ್ಯುತ್ತು ತುಂಬುತ್ತದೆ. ಆದರೆ ಮನೆಯ ತಂತಿ ಆ ಭಾರವನ್ನು ಹೊರಬಲ್ಲದೆ, ನೆಲಕ್ಕೆ ಹೂತ ಅರ್ಥಿಂಗ್ ಸರಿಯಾಗಿದೆಯೆ ಎಂಬುದನ್ನು ಬಲ್ಲವರಿಂದ ಪರೀಕ್ಷಿಸಬೇಕು. ಇದನ್ನು ಅಲಕ್ಷಿಸಿದರೆ ಬೆಂಕಿಯ ಅಪಾಯವುಂಟು.

ವಿದ್ಯುತ್ತಿನ ಬಿಲ್ಲನ್ನೂ ಮುಂದಾಗಿ ಯೋಚಿಸಬೇಕು. 2023ರಲ್ಲಿ ಜಾರಿಗೆ ಬಂದಾಗಿನ ಗೃಹಜ್ಯೋತಿ ಯೋಜನೆಯ ನಿಯಮದಂತೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ 10ರಷ್ಟು ಸೇರಿಸಿದ ಮಟ್ಟದವರೆಗೆ ವಿದ್ಯುತ್ತು ಉಚಿತ. ತಿಂಗಳ ಬಳಕೆ 200 ಯೂನಿಟ್ಟನ್ನು ಮೀರಿದರೆ ಪೂರ್ಣ ಬಿಲ್ಲನ್ನು ತೆರಬೇಕು. ತಿಂಗಳಿಗೆ 120 ಯೂನಿಟ್ಟು ಬಳಸುವ ಮನೆಗೆ ಉಪಾಧ್ಯಾಯನ ಕಾರಿನ 83 ಯೂನಿಟ್ಟು ಸೇರಿದರೆ ಒಟ್ಟು 203 ಆಗುತ್ತದೆ. ಮೂರು ಯೂನಿಟ್ಟಿನಿಂದ ಮನೆಯ ದೀಪದ ಬಿಲ್ಲೂ ಮೈಮೇಲೆ ಬರುತ್ತದೆ. ವಾಹನಗಳಿಗೆ ವಿದ್ಯುತ್ ತುಂಬುವುದಕ್ಕೆ ಪ್ರತ್ಯೇಕ ದರವುಂಟಾದ್ದರಿಂದ, ಬೇರೆ ಮೀಟರನ್ನು ಪಡೆಯುವ ಬಗೆಯನ್ನು ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಕೃಷಿ ಪಂಪ್‌ಸೆಟ್ಟಿಗೆ ದೊರೆಯುವ ಉಚಿತ ವಿದ್ಯುತ್ತನ್ನು ಕಾರಿಗೆ ತಿರುಗಿಸುವುದಂತೂ ನ್ಯಾಯವಲ್ಲ. ಅದು ಬೆಳೆಯ ಪಾಲು, ಕಾಯಿದೆಗೂ ವಿರುದ್ಧ.

ದೂರದ ಪ್ರಯಾಣದ ಮಾತು ಬೇರೆ. ಕಾರಿನ ಪ್ರಚಾರಪತ್ರದಲ್ಲಿ ಮುದ್ರಿತವಾದ ದೂರ ಪರೀಕ್ಷೆಯ ಸನ್ನಿವೇಶದಲ್ಲಿ ದೊರೆತದ್ದು; ಹೆದ್ದಾರಿಯಲ್ಲಿ ಅಷ್ಟು ದೊರೆಯದು. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಹಾವೇರಿಯಿಂದ ಬೆಂಗಳೂರಿಗೆ 335 ಕಿಲೋಮೀಟರಿನಷ್ಟು ದೂರ. ಚಿಕ್ಕ ಬ್ಯಾಟರಿಯ ಕಾರು ದಾರಿಯಲ್ಲಿ ಒಮ್ಮೆಯಾದರೂ ನಿಲ್ಲಲೇಬೇಕು. ಶೀಘ್ರವಾಗಿ ತುಂಬುವ ಕೇಂದ್ರದಲ್ಲಿಯೂ ಸುಮಾರು ಒಂದು ಗಂಟೆ ಹಿಡಿಯಬಹುದು. ವರ್ಷಕ್ಕೆ ನಾಲ್ಕಾರು ಬಾರಿ ಬೆಂಗಳೂರಿಗೆ ಹೋಗುವವನಿಗೆ ಇದು ದೊಡ್ಡ ಅಡ್ಡಿಯಲ್ಲ, ಏಕೆಂದರೆ ರೈಲು ಉಂಟು. ವಾರವಾರವೂ ಹೋಗುವವನು ಮಾತ್ರ ದಾರಿಯ ಕೇಂದ್ರಗಳನ್ನು ಮೊದಲೇ ಗುರುತಿಸಿಕೊಳ್ಳಬೇಕು.

ಮೂರನೆಯ ಪ್ರಶ್ನೆಯನ್ನು ಜನರು ಹೆಚ್ಚಾಗಿ ಮರೆಯುತ್ತಾರೆ. ಹೇಗೂ ಒಂದು ಕಾರನ್ನು ಕೊಳ್ಳಲೇಬೇಕಾಗಿ ಬಂದವನು ಎರಡು ಹೊಸ ಕಾರುಗಳ ಬೆಲೆಯ ವ್ಯತ್ಯಾಸವನ್ನು ನೋಡಿದರೆ ಸಾಕು. ಆದರೆ ಗಟ್ಟಿಮುಟ್ಟಾದ ಕಾರು ಮನೆಯಲ್ಲಿರುವಾಗಲೇ ಬದಲಿಸಹೊರಟವನ ಲೆಕ್ಕ ಬೇರೆ. ಹೊಸ ಕಾರಿನ ಬೆಲೆ 12 ಲಕ್ಷ, ಹಳೆಯದನ್ನು ಮಾರಿದರೆ ಬರುವುದು 3 ಲಕ್ಷ ಎಂದಾದರೆ, ಅವನು ತೆರುವುದು 9 ಲಕ್ಷ. ಕಿಲೋಮೀಟರಿಗೆ 5 ರೂಪಾಯಿ ಉಳಿಸುತ್ತ ಅದನ್ನು ಗಳಿಸಲು 1,80,000 ಕಿಲೋಮೀಟರ್ ಓಡಬೇಕಾಗುತ್ತದೆ. ಅಷ್ಟು ಹೊತ್ತಿಗೆ ಬ್ಯಾಟರಿಯೂ ಹಳತಾಗಿರುತ್ತದೆ. ಅನೇಕ ಕಂಪನಿಗಳು ಬ್ಯಾಟರಿಗೆ ಕೊಡುವ ಭರವಸೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಭರವಸೆ ಮುಗಿದೊಡನೆ ಬ್ಯಾಟರಿ ಸಾಯುವುದಿಲ್ಲ ನಿಜ. ಆದರೆ ಅದು ಹಿಡಿದಿಡುವ ಶಕ್ತಿ ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ.

ಪರಿಸರದ ಹಿತವೂ ಇದೇ ಲೆಕ್ಕವನ್ನು ಅನುಸರಿಸುತ್ತದೆ. ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 80ಕ್ಕೂ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ತರಿಸುತ್ತದೆ. ವಿದ್ಯುತ್ತಾದರೋ ನಾಡಿನಲ್ಲಿಯೇ ಹುಟ್ಟುತ್ತದೆ. ಶರಾವತಿಯ ನೀರು, ಗದಗ ಮತ್ತು ಚಿತ್ರದುರ್ಗಗಳ ಗಾಳಿ, 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡದ ಬಿಸಿಲು ಇವೆಲ್ಲ ಅದರ ಮೂಲಗಳು. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲೂ ಉರಿಯುತ್ತಿದೆ ಎಂಬುದನ್ನು ಮರೆಯುವಂತಿಲ್ಲ. ಅಲ್ಲದೆ ಬ್ಯಾಟರಿಯ ತಯಾರಿಕೆಗೆ ಬಹಳ ಶಕ್ತಿ ಬೇಕು. ಆದ್ದರಿಂದ ವಿದ್ಯುತ್ ಕಾರು ಹುಟ್ಟುವಾಗಲೇ ಸ್ವಲ್ಪ ಹೊಗೆಯ ಸಾಲವನ್ನು ಹೊತ್ತು ಬರುತ್ತದೆ. ಓಡುತ್ತ ಓಡುತ್ತ ಆ ಸಾಲವನ್ನು ತೀರಿಸಿ, ಮುಂದೆ ಲೋಕಕ್ಕೆ ಉಪಕಾರಿಯಾಗುತ್ತದೆ. ಹೆಚ್ಚು ಓಡುವ ಕಾರು ಬೇಗ ತೀರಿಸುತ್ತದೆ. ಮನೆಯ ಮುಂದೆ ನಿಂತೇ ಇರುವ ಕಾರು ತೀರಿಸುವುದಿಲ್ಲ.

ಹೊಸತೆಲ್ಲ ಕೆಟ್ಟದ್ದೆಂದು ಹೆದರುವವನೂ, ನೆರೆಮನೆಯವನು ಕೊಂಡನೆಂದು ಅವಸರಪಡುವವನೂ ಸಮಾನವಾಗಿ ನಷ್ಟಹೊಂದುತ್ತಾರೆ. ಹೆದರಿದವನು ವರ್ಷವರ್ಷವೂ ಪೆಟ್ರೋಲಿಗೆ ಹಣ ಸುರಿಯುತ್ತಾನೆ. ಅವಸರಪಟ್ಟವನು ಬಡ್ಡಿಗೆ ಸುರಿಯುತ್ತಾನೆ. ದಿನವೂ ದೂರ ಓಡುವವನಿಗೆ, ಮನೆಯಲ್ಲಿ ವಿದ್ಯುತ್ ತುಂಬುವ ಅನುಕೂಲವುಳ್ಳವನಿಗೆ, ಹಳೆಯ ವಾಹನದ ಕಾಲ ಮುಗಿಯುತ್ತ ಬಂದವನಿಗೆ ಬಂಡಿ ಬದಲಿಸುವ ಕಾಲ ಬಂದಿದೆ. ಉಳಿದವರಿಗೆ ಇರುವ ವಾಹನವನ್ನು ಅಚ್ಚುಕಟ್ಟಾಗಿ ನೋಡಿಕೊಂಡು ಕಾಯುವುದೇ ವಿವೇಕ. ತಾನು ಯಾವ ಗುಂಪಿಗೆ ಸೇರಿದವನೆಂದು ತಿಳಿಯಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಒಂದು ತಿಂಗಳ ಕಾಲ ಪ್ರತಿದಿನ ಎಷ್ಟು ಕಿಲೋಮೀಟರ್ ಓಡಿತು, ಇಂಧನಕ್ಕೆ ಎಷ್ಟು ಖರ್ಚಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಆ ಕೆಲಸವನ್ನು ಮನೆಯ ಮಕ್ಕಳೂ ಮಾಡಬಹುದು.