ಲಾಲ್‌ಬಾಗಿನಲ್ಲಿ ಮೂರು ತಲೆಮಾರಿನ ನಡಿಗೆ

ಬೆಂಗಳೂರಿಗೆ ಹೋದ ಕುಟುಂಬಗಳು ಲಾಲ್‌ಬಾಗಿಗೆ ಕಾಲಿಡದೆ ಮರಳುವುದು ವಿರಳ. ಆದರೆ ನಮ್ಮಲ್ಲಿ ಬಹುತೇಕರು ಅದನ್ನು ನೋಡುತ್ತೇವೆಯೇ ಹೊರತು ಅಲ್ಲಿ ನಡೆಯುವುದಿಲ್ಲ. ಗಾಜಿನ ಮನೆಯ ಮುಂದೆ ಭಾವಚಿತ್ರ ತೆಗೆಸಿಕೊಂಡು, ನೆರಳಿನಲ್ಲಿ ತುಸು ಕುಳಿತು ಹೊರಟುಬಿಡುತ್ತೇವೆ. ಹೈದರಾಲಿಯು 1760ರಲ್ಲಿ ಆರಂಭಿಸಿದ, ಇಂದು ಸುಮಾರು 240 ಎಕರೆಗಳಲ್ಲಿ ಹರಡಿರುವ ಈ ಸಸ್ಯೋದ್ಯಾನದಿಂದ ದೇಹಾರೋಗ್ಯಕ್ಕೆ ಇದಕ್ಕಿಂತ ಹೆಚ್ಚಿನದನ್ನು ಪಡೆಯಬಹುದು. ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರನ್ನೂ ಕರೆದೊಯ್ಯುವ ಸದ್ಭಕ್ತರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿಚಾರ ಮಾಡೋಣ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಲಾ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಧ್ಯಮ ಶ್ರಮವನ್ನು ಅಳೆಯಲು ಯಂತ್ರವೇನೂ ಬೇಡ: ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಆ ವೇಗ ಮಗನಿಗೆ ಒಂದು, ತಾಯಿಗೆ ಇನ್ನೊಂದು. ಆದ್ದರಿಂದ ಎಲ್ಲರೂ ಸಾಲಾಗಿ ಒಟ್ಟಿಗೇ ನಡೆಯಬೇಕೆಂಬ ಹಟ ಸಲ್ಲದು. ಹಿರಿಯರು ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಸಾಗಲಿ, ಅವರೊಡನೆ ಒಬ್ಬರಿರಲಿ. ಮಕ್ಕಳನ್ನು ಓಡಲು ಬಿಡಬೇಕು. ಬಯಲು ಬೆಳಕಿನಲ್ಲಿ ದಿನವೂ ಸಾಕಷ್ಟು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ತಲೆದೋರುವ ಸಂಭವ ಕಡಿಮೆ. ಅಲ್ಲಿಯೂ ಅವರ ಕೈಗೆ ಮೊಬೈಲು ಕೊಟ್ಟು ಕೂರಿಸುವುದಾದರೆ ಅಷ್ಟು ದೂರ ಕರೆತಂದ ಪ್ರಯೋಜನವಾದರೂ ಏನು?

ಕೆಂಪೇಗೌಡರ ಗೋಪುರವಿರುವ ಬಂಡೆಯ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಅಗತ್ಯ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಶಿಲೆಯನ್ನು ಎಲ್ಲರೂ ಹತ್ತಬಯಸುತ್ತಾರೆ. ಹತ್ತುವಾಗ ಏದುಸಿರು ಬರುವುದು ಸಹಜ. ಮಂಡಿನೋವಿರುವವರಿಗೆ ನಿಜವಾದ ಕಷ್ಟ ಇಳಿಯುವಾಗ. ಊರುಗೋಲು ಹಿಡಿದು, ಸಣ್ಣ ಹೆಜ್ಜೆಗಳಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಬಂಡೆ ಜಾರುವುದರಿಂದ ಹಿರಿಯರು ಕೆಳಗೇ ಉಳಿಯುವುದು ಲೇಸು. ಬೇಸಿಗೆಯ ಮಧ್ಯಾಹ್ನ ಅದೇ ಬಂಡೆ ಹೆಂಚಿನಂತೆ ಕಾಯುತ್ತದೆ. ಬಹುಕಾಲದ ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ನಿಂತರೆ ಅಂಗಾಲು ಸುಟ್ಟರೂ ಅವರಿಗೆ ತಿಳಿಯದು. ಅಂತಹ ಗಾಯ ಬೇಗ ಮಾಯುವುದಿಲ್ಲ. ಕೀವಾಗಿ, ಕಾಲಿಗೇ ಸಂಚಕಾರ ತರಬಹುದು. ಬರಿಗಾಲ ನಡಿಗೆ ಆರೋಗ್ಯಕರವೆಂಬ ಮಾತು ಇವರಿಗೆ ಅನ್ವಯಿಸುವುದಿಲ್ಲ.

ವರ್ಷದ ಯಾವ ಕಾಲದಲ್ಲಾದರೂ ಇಲ್ಲಿ ನಡೆಯಬಹುದು. ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ಕಣ್ಣಿಗೆ ಹಬ್ಬವೇ ಸರಿ, ಆದರೆ ಆ ಜನಸಂದಣಿಯಲ್ಲಿ ನಡಿಗೆ ಸಾಗದು. ಚಳಿಗಾಲದಲ್ಲಿ ಉಬ್ಬಸವುಳ್ಳವರು ಬಿಸಿಲೇರಿದ ಬಳಿಕ ಹೊರಡಲಿ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೀರ್ಘವಾಗಿ ನಡೆಯಬಾರದು. ಕೈಕಾಲು ನಡುಗಿ ಬೆವರು ಬಂದರೆ ಬಾಯಿಗೆ ಹಾಕಿಕೊಳ್ಳಲು ಸಕ್ಕರೆಯೋ ಗ್ಲೂಕೋಸೋ ಜೇಬಿನಲ್ಲಿರಲಿ. ನಡೆಯುವಾಗ ಎದೆ ಬಿಗಿದರೆ, ನೋವು ತೋಳಿಗೆ ಇಲ್ಲವೆ ದವಡೆಗೆ ಹರಡಿದರೆ ಅದನ್ನು ವಾಯುವೆಂದು ತಳ್ಳಿಹಾಕದೆ ಅಲ್ಲಿಯೇ ಕುಳಿತು 108ಕ್ಕೆ ಕರೆ ಮಾಡಿಸಬೇಕು.

ಮನೆಗೆ ಮರಳಿದ ಬಳಿಕ ಮಧುಮೇಹಿಗಳು ಪಾದಗಳನ್ನು ತೊಳೆದು, ಬೆರಳುಗಳ ಸಂದುಗಳನ್ನು ಒರೆಸಿ, ಗುಳ್ಳೆ ಅಥವಾ ಕೆಂಪು ಕಾಣಿಸಿಕೊಂಡಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಬಾಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲನ್ನು ನೋಡಿಕೊಳ್ಳಬಹುದು; ಕಣ್ಣು ಮಂದವಾಗಿದ್ದರೆ ಮೊಮ್ಮಕ್ಕಳೇ ನೋಡಿ ಹೇಳಲಿ.