ಬೆವರುವ ಊರಲ್ಲಿ ತಣ್ಣಗಾಗುವ ಕೂಸು

ಮೇ ತಿಂಗಳ ಮುಂಬಯಿಯಲ್ಲಿ ಕೂಸಿಗೆ ಥಂಡಿಯಾಗುತ್ತಿದೆ ಎಂದರೆ ಯಾರೂ ನಂಬುವುದಿಲ್ಲ. ಗೋವಂಡಿಯ ತಗಡಿನ ಮನೆಯಲ್ಲಿ ಹೆರಿಗೆಯಾಗಿರುತ್ತದೆ, ಸುತ್ತ ನಿಂತವರೆಲ್ಲ ಬೆವರು ಒರೆಸಿಕೊಳ್ಳುತ್ತಿರುತ್ತಾರೆ, ಬಾಣಂತಿಯ ಕಡೆಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟಿರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ನಾನು ಮೊದಲು ಆ ಫ್ಯಾನ್ ಬಂದ್ ಮಾಡುತ್ತೇನೆ. 108 ಆಂಬುಲೆನ್ಸ್‌ನ ವೈದ್ಯನ ಕೆಲಸ ನನಗೆ ಕಲಿಸಿದ್ದರಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಒದ್ದೆ ಮೈಯ ಮೇಲಿನ ನೀರು ಆರುವಾಗ ಮಡಕೆಯ ನೀರು ತಣ್ಣಗಾಗುವ ಹಾಗೆಯೇ ಕೂಸಿನ ಮೈಯೂ ತಣ್ಣಗಾಗುತ್ತದೆ. ಅದರ ಮೈಶಾಖ 36.5ರಿಂದ 37.5 ಡಿಗ್ರಿಯ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ಮೈ ಕಾಯಿಸಿಕೊಳ್ಳಲು ಕೂಸು ತನ್ನಲ್ಲಿರುವ ಅಷ್ಟಿಷ್ಟು ಸಕ್ಕರೆಯನ್ನು ಸುಡುತ್ತದೆ, ಆಮ್ಲಜನಕವನ್ನೂ ಹೆಚ್ಚು ಬಳಸುತ್ತದೆ. ಆಮೇಲೆ ಸಕ್ಕರೆ ಕುಸಿಯುತ್ತದೆ, ಉಸಿರು ಸೋಲುತ್ತದೆ. ಹುಟ್ಟಿದಾಗ ಚೆನ್ನಾಗಿಯೇ ಅತ್ತ ಕೂಸು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಂಕಾಗುವುದು ಹೀಗೆ.

ಮಾನಖುರ್ದ್ ಕಡೆಯ ಒಂದು ಕಟ್ಟಡದ ಸೈಟಿನಲ್ಲಿ ಯಾದಗಿರಿಯ ಕೂಲಿ ಕುಟುಂಬವೊಂದರ ಹೆರಿಗೆಗೆ ಹೋಗಿದ್ದೆ. ಅಜ್ಜಿಗೆ ನನ್ನ ಮೇಲೆ ಸಿಟ್ಟು ಬಂತು. "ಇಷ್ಟು ಧಗಿ ಅದ, ಫ್ಯಾನ್ ಯಾಕ ಬಂದ್ ಮಾಡಿದ್ರಿ ಡಾಕ್ಟರೇ? ಕೂಸಿಗಿ ಉಸಿರು ಕಟ್ತದ." ನಾನು ವಿಜಯಪುರ ಕಡೆಯವನು, ಮಾತಾಡುವುದು ಸುಲಭವಾಯಿತು. "ಆಯಿ, ಧಗಿ ನಮಗ. ನೀವ ಪಾದ ಮುಟ್ಟಿ ನೋಡ್ರಿ, ಆಮ್ಯಾಲ ಹೊಟ್ಟಿ ಮುಟ್ರಿ." ಹೊಟ್ಟೆ ಬೆಚ್ಚಗಿತ್ತು, ಪಾದ ತಣ್ಣಗಿತ್ತು. ಕೂಸು ಥಂಡಿಗೆ ಬೀಳುತ್ತಿರುವುದರ ಮೊದಲ ಗುರುತು ಅದು. ಎರಡೂ ತಣ್ಣಗಾಗಿದ್ದರೆ ತಡವಾಯಿತೆಂದೇ ಅರ್ಥ. ಅಜ್ಜಿ ಮರುಮಾತಿಲ್ಲದೆ ತನ್ನ ಹಳೆಯ ಸೀರೆ ಹರಿದು ಕೊಟ್ಟಳು. ಕೂಸಿನ ಸ್ನಾನಕ್ಕೆ ನೀರು ಕಾಯಿಸಲು ಹೊರಟಿದ್ದ ಸೊಸೆಯನ್ನು ತಡೆದವಳೂ ಅವಳೇ. ಮೊದಲ ಸ್ನಾನವನ್ನು ಕನಿಷ್ಠ 24 ತಾಸು ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತು ನನ್ನ ಬಾಯಿಂದ ಬರುವುದಕ್ಕಿಂತ ಅಜ್ಜಿಯ ಬಾಯಿಂದ ಬಂದರೆ ಮನೆಯಲ್ಲಿ ನಿಲ್ಲುತ್ತದೆ.

ಒಣ ಬಟ್ಟೆ ಎರಡು ಬೇಕು. ಒಂದರಿಂದ ತಲೆ, ಬೆನ್ನು ಗಟ್ಟಿಯಾಗಿ ಒರೆಸಿ ಅದನ್ನು ಬಿಸಾಡಬೇಕು, ಇನ್ನೊಂದರಲ್ಲಿ ಸುತ್ತಬೇಕು, ತಲೆಗೆ ಟೋಪಿ ಹಾಕಬೇಕು. ಒರೆಸುವುದೇ ಕೂಸನ್ನು ಎಚ್ಚರಿಸುತ್ತದೆ. ಹೆಚ್ಚಿನವು ಇಷ್ಟಕ್ಕೇ ಅಳುತ್ತವೆ. ತಲೆಕೆಳಗು ಹಿಡಿದು ಬೆನ್ನಿಗೆ ಹೊಡೆಯುವುದನ್ನು ಸಿನಿಮಾದಲ್ಲಿ ನೋಡಿದವರು ಈಗಲೂ ಅದನ್ನೇ ಮಾಡಲು ಹೋಗುತ್ತಾರೆ. ದಯವಿಟ್ಟು ಮಾಡಬೇಡಿ. ಅಳುವ ಕೂಸಿನ ಹೊಕ್ಕುಳ ಬಳ್ಳಿಯನ್ನೂ ಅವಸರದಿಂದ ಕೊಯ್ಯಬೇಕಿಲ್ಲ. ಒಂದು ನಿಮಿಷವಾದರೂ ಕಾದರೆ ಮಾಸಿನಲ್ಲಿರುವ ರಕ್ತ ಕೂಸಿಗೆ ಸೇರುತ್ತದೆ. ಅಡುಗೆಮನೆಯ ಚಾಕು, ಹಳೆಯ ಬ್ಲೇಡು ಬಳ್ಳಿಯ ಹತ್ತಿರವೂ ಬರಬಾರದು.

ಒರೆಸಿದ ಮೇಲೂ ಉಸಿರಾಡದಿದ್ದರೆ ಹುಟ್ಟಿದ ಒಂದೇ ನಿಮಿಷದೊಳಗೆ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿಯಬೇಕು. ವರ್ಜೀನಿಯಾ ಅಪ್ಗಾರ್ ಹುಟ್ಟಿದ ಕೂಸಿನ ಸ್ಥಿತಿ ಅಳೆಯಲು 1952ರಲ್ಲಿ ರೂಪಿಸಿದ ಅಂಕಪಟ್ಟಿಯನ್ನು ನಾನೂ ಬರೆಯುತ್ತೇನೆ, ಆದರೆ ಅಂಕ ಕೂಡಿಸುವ ತನಕ ಕೈಕಟ್ಟಿ ನಿಲ್ಲುವುದಿಲ್ಲ. ಮಾಸ್ಕ್ ಬಿಗಿಯಾಗಿ ಕೂತು ಎದೆ ಏಳುತ್ತಿದೆಯೇ ಎನ್ನುವುದೊಂದೇ ಆಗ ನನ್ನ ಪ್ರಶ್ನೆ. ನಿಮಿಷಕ್ಕೆ 40ರಿಂದ 60 ಸಲ ಒತ್ತಿದರೆ ಸಾಕು, ದಿನ ತುಂಬಿದ ಕೂಸಿಗೆ ಮೊದಲಿಗೆ ಬರೀ ಗಾಳಿಯೇ ಸಾಕು. ಹೊಕ್ಕುಳ ಬಳ್ಳಿಯ ಬುಡ ಹಿಡಿದು ಆರು ಸೆಕೆಂಡ್ ಬಡಿತ ಎಣಿಸಿ ಹತ್ತರಿಂದ ಗುಣಿಸುತ್ತೇನೆ. ಬಡಿತ 100 ದಾಟಿದರೆ ನನ್ನ ಉಸಿರೂ ಹಗುರಾಗುತ್ತದೆ. ಕೈಕಾಲು ನೀಲಿಯಾಗಿದ್ದರೆ ಹೆದರಬೇಕಿಲ್ಲ, ನಾಲಿಗೆ ನೀಲಿಯಾಗಿಯೇ ಉಳಿದರೆ ಹೆದರಬೇಕು.

ಮುಂಬಯಿಯ ಗಲ್ಲಿಗಳಿಗೆ ಸ್ಟ್ರೆಚರ್ ಹೋಗುವುದಿಲ್ಲ. 2017ರಲ್ಲಿ ಬೈಕ್ ಆಂಬುಲೆನ್ಸ್ ಬಂದದ್ದೂ ಈ ಕಾರಣಕ್ಕೇ. ಬಾಣಂತಿಯನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯ ರಸ್ತೆಗೆ ಹೊತ್ತು ತರುತ್ತೇವೆ. ಕೂಸು ತಾಯಿಯ ಎದೆಗೆ ಅಂಟಿಕೊಂಡು, ಮೈಗೆ ಮೈ ತಾಗಿ, ಮೇಲೆ ಸೀರೆ ಹೊದ್ದು ಬರುತ್ತದೆ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್ ಸಾಲದ ವೈದ್ಯರು ಹಿಡಿದ ದಾರಿಯೂ ಇದೇ. ಗಾಡಿ ಹತ್ತಿದ ಮೇಲೆ ಏಸಿ ಆರಿಸುತ್ತೇನೆ, ಚಾಲಕನೂ ನಾನೂ ಬೆವರುತ್ತೇವೆ. ಆ ಗಡಿಬಿಡಿಯಲ್ಲಿ ತಾಯಿಯ ರಕ್ತಸ್ರಾವವನ್ನು ಮತ್ತೆ ಮತ್ತೆ ನೋಡುತ್ತಿರಬೇಕು. ಗಾಡಿಯಲ್ಲಿರುವ ರೋಗಿಗಳು ಇಬ್ಬರು.

ಆಸ್ಪತ್ರೆಯವರು ಮೊದಲು ಕೇಳುವುದು ಹುಟ್ಟಿದ ಸಮಯ. ಆ ಹೊತ್ತಿನಲ್ಲಿ ಗಡಿಯಾರ ನೋಡಿದವರು ಯಾರೂ ಇರುವುದಿಲ್ಲ. ಆದರೆ ಯಾರೋ ಒಬ್ಬರು ಗಂಡನಿಗೆ ಫೋನ್ ಮಾಡಿರುತ್ತಾರೆ. ಆ ಮೊಬೈಲ್ ತೆಗೆಸಿ ಕರೆಯ ಸಮಯ ನೋಡಿ, ಅದಕ್ಕಿಂತ ಎಷ್ಟು ಮೊದಲು ಹುಟ್ಟಿತೆಂದು ಕೇಳಿ ಬರೆದುಕೊಳ್ಳುತ್ತೇನೆ.

ಎಲ್ಲಿಗೆ ಒಯ್ಯುವುದು ಎಂಬುದು ಇದೆಲ್ಲಕ್ಕಿಂತ ಕಷ್ಟದ ಪ್ರಶ್ನೆ. ಹತ್ತಿರದ ಹೆರಿಗೆಮನೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಇಲ್ಲದಿದ್ದರೆ ತಾಯಿ ಒಂದು ಕಡೆ, ಕೂಸು ಇನ್ನೊಂದು ಕಡೆ ಆಗುತ್ತದೆ, ಎದೆಹಾಲು ತಪ್ಪುತ್ತದೆ. ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಕಟ್ಟಿದ ಎದೆಹಾಲಿನ ಬ್ಯಾಂಕು ಅಲ್ಲಿ ದಾಖಲಾದ ಎಷ್ಟೋ ಬಡ ಕೂಸುಗಳನ್ನು ಕಾಪಾಡಿದೆ. ಹಾಗಿದ್ದರೂ ತಾಯಿಯ ಹಾಲು ಮತ್ತು ತಾಯಿಯ ಮೈಶಾಖ ಎರಡೂ ಒಂದೇ ಕಟ್ಟಡದಲ್ಲಿ ಸಿಗಬೇಕು. ಅದಕ್ಕೇ ಗಾಡಿ ಹೊರಡುವ ಮೊದಲೇ ಫೋನ್ ಮಾಡಿ ಎರಡು ಜಾಗ ಕೇಳುತ್ತೇನೆ: ಎನ್‌ಐಸಿಯುನಲ್ಲಿ ಒಂದು, ಬಾಣಂತಿಯರ ವಾರ್ಡಿನಲ್ಲಿ ಒಂದು.